ಮಕ್ಕಳ ಇನ್‌ಹೇಲರ್‌ಗೆ ಬ್ಲೂಟೂತ್ ಸೆನ್ಸರ್: ತರಿಸೋದು ಸರಿಯಾ?

ಕೋಥ್ರೂಡ್_ಕನ್ನಡತಿ:
ಏಳು ವರ್ಷದ ಹುಡುಗ. ಉಬ್ಬಸ ಬರದಂತೆ ದಿನಾ ಕೊಡೋ ಬ್ಯುಡೆಸೊನೈಡ್ 100 ಮೈಕ್ರೋಗ್ರಾಂ, ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು, ಸ್ಪೇಸರ್‌ನಲ್ಲಿ (ಪಂಪಿಗೂ ಬಾಯಿಗೂ ನಡುವೆ ಇಡೋ ಕೊಳವೆ). ಉಬ್ಬಸ ಬಂದರೆ ಸಾಲ್ಬುಟಮಾಲ್. ಬೆಳಗಿನ ಡೋಸ್ ಅತ್ತೆಯವರ ಪಾಲು, ರಾತ್ರಿಯದು ನಮ್ಮದು. ಯಾರು ಕೊಟ್ಟರು, ಯಾರು ಮರೆತರು ಅನ್ನೋದೇ ಗೊಂದಲ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದಾಗ ಕೆಮ್ಮು ಹೆಚ್ಚು. ಪಂಪ್ ಒತ್ತಿದ್ದನ್ನು ಫೋನ್ ಆ್ಯಪ್‌ನಲ್ಲಿ ದಾಖಲಿಸೋ ಸೆನ್ಸರ್ ವಿದೇಶದಿಂದ ತರಿಸಿದರೆ ಉಪಯೋಗ ಇದೆಯಾ?

ಮುಲುಂಡ್_ಉಸಿರು:
ಮೇಡಂ, ಕ್ಯಾನಿಸ್ಟರ್ (ಪಂಪಿನೊಳಗಿನ ಔಷಧಿ ಡಬ್ಬಿ) ಮೇಲೆ ಕೂರುವ ಸಾಮಾನ್ಯ ಸೆನ್ಸರ್‌ಗೆ ಗೊತ್ತಾಗೋದು ಒತ್ತಿದ ಹೊತ್ತು ಮಾತ್ರ. ಔಷಧಿ ಶ್ವಾಸಕೋಶಕ್ಕೆ ಹೋಯಿತಾ, ಸ್ಪೇಸರ್ ಗೋಡೆಗೆ ಅಂಟಿತಾ ಅನ್ನೋದು ಅದಕ್ಕೆ ಕಾಣಿಸದು. ಹಾಗಾಗಿ ಮೊದಲು ವಿಧಾನ ಸರಿಮಾಡಿ. ಪಂಪ್ ಚೆನ್ನಾಗಿ ಅಲುಗಾಡಿಸಿ, ಒಮ್ಮೆಗೆ ಒಂದೇ ಪಫ್ ಒತ್ತಿ. ಮೌತ್‌ಪೀಸ್ ಸುತ್ತ ತುಟಿ ಬಿಗಿ ಇರಲಿ, 5–6 ಸಲ ಸಹಜವಾಗಿ ಉಸಿರಾಡಲಿ. ಏಳು ವರ್ಷದವನಿಗೆ ಮಾಸ್ಕ್ ಬೇಡ, ಮೂಗಿನಲ್ಲೇ ಸಾಕಷ್ಟು ಔಷಧಿ ಉಳಿದುಬಿಡುತ್ತೆ. ಎರಡು ಪಫ್ ಒಟ್ಟಿಗೆ ಒತ್ತಿದರೆ ಸೆನ್ಸರ್ ಎರಡು ಅಂತ ಬರೆದುಕೊಳ್ಳುತ್ತೆ, ಮಗುವಿಗೆ ಸಿಗೋದು ಅಷ್ಟಿಲ್ಲ. ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಪ್ಲಾಸ್ಟಿಕ್ ಸ್ಪೇಸರನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ಹಾಗೇ ಒಣಗಿಸಿ. ಒರೆಸಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತೆ. ಇದನ್ನು ಯಾವ ಆ್ಯಪ್ಪೂ ಹೇಳಿಕೊಡಲ್ಲ.

ಠಾಣೆ_ಮದ್ದಂಗಡಿ:
ಸೆನ್ಸರ್ ತಯಾರಿಸೋದು ನಿರ್ದಿಷ್ಟ ಪಂಪಿನ ಅಳತೆಗೆ. ಇಲ್ಲಿನ ಬ್ರಾಂಡ್‌ಗಳ ಪ್ಲಾಸ್ಟಿಕ್ ಕವಚದ ಆಕಾರ ಬೇರೆ. ಸಡಿಲ ಕೂತರೆ ಒತ್ತಿದ್ದು ದಾಖಲಾಗಲ್ಲ, ಬಿಗಿಯಾದರೆ ಕ್ಯಾನಿಸ್ಟರ್ ಪೂರ್ತಿ ಕೆಳಗಿಳಿಯಲ್ಲ. ಉಳಿದ ಪಫ್ ಎಷ್ಟು ಅಂತ ತೋರಿಸೋ ಕೌಂಟರ್ ಕ್ಯಾನಿಸ್ಟರ್ ತಲೆಯ ಮೇಲಿದ್ದರೆ ಸೆನ್ಸರ್ ಅದನ್ನೂ ಮುಚ್ಚಿಬಿಡುತ್ತೆ. ಹೊಸ ಪಂಪನ್ನು ಗಾಳಿಯಲ್ಲಿ ಪರೀಕ್ಷೆಗೆ ಒತ್ತಿದ್ದೂ ಡೋಸ್ ಅಂತಲೇ ಲೆಕ್ಕ. ಕವಚ ತೊಳೆಯುವಾಗ ಸೆನ್ಸರ್ ಬಿಚ್ಚಿಡಬೇಕು. ಇದೂ ಅಲ್ಲದೆ, ಬ್ಯಾಟರಿ ಉಳಿಸೋಕೆ ಆಂಡ್ರಾಯ್ಡ್ ಫೋನ್ ಆ್ಯಪನ್ನು ಹಿನ್ನೆಲೆಯಲ್ಲೇ ಮುಚ್ಚುತ್ತೆ, ಡೋಸ್ ತಪ್ಪಿದ ಸೂಚನೆ ಹೊತ್ತಿಗೆ ಬರಲ್ಲ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ.

ನಿಮ್ಮ ಸಮಸ್ಯೆ 'ಯಾರು ಕೊಟ್ಟರು' ಅನ್ನೋದಷ್ಟೇ ಆದರೆ ಪಂಪಿನ ಕೌಂಟರೇ ಸಾಕು. ದಿನಕ್ಕೆ ಎರಡು ಪಫ್, ವಾರಕ್ಕೆ 14. ಈ ಭಾನುವಾರ 186 ಇದ್ದರೆ ಮುಂದಿನ ಭಾನುವಾರ 172 ಇರಬೇಕು. 178 ಇದ್ದರೆ ಆರು ಡೋಸ್ ತಪ್ಪಿದೆ. ಕೌಂಟರ್ ಇಲ್ಲದ ಪಂಪ್ ಕೊಳ್ಳಲೇಬೇಡಿ. ಕ್ಯಾನಿಸ್ಟರ್ ನೀರಲ್ಲಿ ತೇಲಿಸಿ ನೋಡೋ ಹಳೇ ಪದ್ಧತಿ ನಂಬೋಹಾಗಿಲ್ಲ.

ಕೋಥ್ರೂಡ್_ಕನ್ನಡತಿ:
ಹಾಗಾದರೆ ಸೆನ್ಸರ್‌ನಿಂದ ಪ್ರಯೋಜನವೇ ಇಲ್ವಾ?

ಪೊವಾಯಿ_ಡೇಟಾ:
ಇದೆ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ 6ರಿಂದ 15 ವರ್ಷದ 220 ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ದಾಖಲಿಸುವ ಸಾಧನ ಇತ್ತು, ನೆನಪಿಸೋ ಸದ್ದು ಇದ್ದದ್ದು ಒಂದಕ್ಕೆ ಮಾತ್ರ. ಸದ್ದಿದ್ದವರು ತೆಗೆದುಕೊಂಡದ್ದು ಮಧ್ಯಾಂಕದಲ್ಲಿ (ಗುಂಪಿನ ನಟ್ಟನಡುವಿನ ಲೆಕ್ಕ) ಶೇ. 84 ಡೋಸ್, ಇಲ್ಲದವರು ಶೇ. 30. ಅಂದರೆ ಕೆಲಸ ಮಾಡಿದ್ದು ಬರೀ ದಾಖಲೆಯಲ್ಲ, ನೆನಪಿಸುವಿಕೆ. ಫೋನ್ ಅಲಾರಂ ಪೂರ್ತಿ ಸಮ ಅಲ್ಲ: ಡೋಸ್ ತೆಗೆದುಕೊಳ್ಳದಿದ್ದರೂ ಅಲಾರಂ ಆರಿಸಿಬಿಡಬಹುದು.

ಕೌಂಟರ್ ಹೇಳದ ಇನ್ನೊಂದು ವಿಷಯ ಹೊತ್ತು. ಡಾಕ್ಟರ್ ಹತ್ತಿರ ಹೋಗುವ ಹಿಂದಿನ ರಾತ್ರಿ ಹತ್ತು ಸಲ ಸುಮ್ಮನೆ ಒತ್ತಿದರೆ ಕೌಂಟರ್ ಲೆಕ್ಕ ಸರಿಹೋಗುತ್ತೆ, ಸೆನ್ಸರ್ ಮುಂದೆ ಆ ಆಟ ನಡೆಯಲ್ಲ. ಹದಿಹರೆಯದವರಲ್ಲಿ ಇದು ಮುಖ್ಯ, ಏಳು ವರ್ಷಕ್ಕೆ ಅಷ್ಟಿಲ್ಲ.

ಮುಲುಂಡ್_ಉಸಿರು:
ಒಂದೇ ಸೆನ್ಸರ್ ತರಿಸೋದಾದರೆ ಅದನ್ನು ಸಾಲ್ಬುಟಮಾಲ್ ಪಂಪಿಗೆ ಹಾಕಿ ಅಂತ ನನ್ನ ಅಭಿಪ್ರಾಯ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಉಬ್ಬಸ ಹಿಡಿತದಲ್ಲಿಲ್ಲ, ಡಾಕ್ಟರಿಗೆ ತೋರಿಸಿ. ವರ್ಷಕ್ಕೆ 200 ಪಫ್‌ನ ಮೂರು ಕ್ಯಾನಿಸ್ಟರ್ ಖಾಲಿಯಾದರೆ ಗಂಭೀರ ದಾಳಿಯ ಅಪಾಯ ಹೆಚ್ಚು. ರಾತ್ರಿ ಎಷ್ಟು ಗಂಟೆಗೆ ಬಳಸಿದಿರಿ ಅನ್ನೋ ದಾಖಲೆ ಡಾಕ್ಟರಿಗೆ ಬೇಕಾದ್ದು.

ಪಕ್ಕೆ ಒಳಸೇದುತ್ತಿದ್ದರೆ, ಮಾತು ಪೂರ್ತಿ ಆಡಲಾಗದಿದ್ದರೆ, ಸಾಲ್ಬುಟಮಾಲ್ ಕೊಟ್ಟರೂ ಇಳಿಯದಿದ್ದರೆ ಆ್ಯಪ್ ನೋಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ. ದಾರಿಯಲ್ಲೂ ಸ್ಪೇಸರ್‌ನಲ್ಲಿ ಕೊಡುತ್ತಾ ಇರಿ.