ಗೆಸ್ಟ್ ನಾಯಿ ತರ್ತೀವಿ ಅಂದ್ರೆ ಹೂಂ ಅನ್ನಬೇಕಾ? (ಧಾರವಾಡ, ಹಳೇ ಮನೆ)

ಹಂಚಿನಮನೆ_ಧಾರವಾಡ
ನಮಸ್ಕಾರ. ಸಾಧನಕೇರಿ ಕಡೆ ನಮ್ಮ ಅಜ್ಜನ ಕಾಲದ ಮನೆ ಇದೆ. ಎರಡು ಖೋಲಿ, ಪಡಸಾಲೆ, ಹಿಂದೆ ಪೇರಲ ಗಿಡದ ಹಿತ್ತಲು. ಹೋದ ವರ್ಷ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡೋಣ ಅಂತ ಏರ್‌ಬಿಎನ್‌ಬಿಗೆ ಹಾಕಿದೆವು. ಬೆಂಗಳೂರಿನಿಂದ 400 ಕಿಲೋಮೀಟರ್‌ಗಿಂತ ಜಾಸ್ತಿ ಕಾರು ಓಡಿಸಿಕೊಂಡು ಬಂದವರು ಒಂದು ರಾತ್ರಿ ಮಲಗಿ ಬೆಳಗ್ಗೆ ದಾಂಡೇಲಿಗೆ ಹೋಗುತ್ತಾರೆ. ಅದರಲ್ಲಿ ಸುಮಾರು ಜನ ನಾಯಿ ಕರೆದುಕೊಂಡೇ ಬರ್ತಾರೆ.

ಹೋದ ತಿಂಗಳು ಒಬ್ಬರು ಫೋನಿನಲ್ಲಿ "ಸಣ್ಣ ನಾಯಿ" ಅಂದಿದ್ದರು. ಕಾರಿನಿಂದ ಇಳಿದದ್ದು ಕರುವಿನಷ್ಟು ಲ್ಯಾಬ್ರಡಾರ್. ಅದನ್ನು ಖೋಲಿಯಲ್ಲಿ ಹಾಕಿ ಚಿಲಕ ಜಡಿದು ಊಟಕ್ಕೆ ಹೋದರು. ಅಷ್ಟರಲ್ಲಿ ಮಳೆ ಶುರು. ತೇಗದ ಬಾಗಿಲು ಮೊಣಕಾಲಿನ ಎತ್ತರದ ತನಕ ಕೆರೆದಿತ್ತು, ಅವ್ವ ಹೊಲಿದ ಕೌದಿ ಚಿಂದಿಯಾಗಿತ್ತು, ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿ ಕಲ್ಲಿನ ಸಂದಿಯಲ್ಲಿ ಉಚ್ಚೆ. 500 ರೂಪಾಯಿ ಇಟ್ಟು ಸಾರಿ ಅಂತ ಹೋದರು. ಮೂರು ಸಲ ಫಿನೈಲ್ ಹಾಕಿ ತಿಕ್ಕಿದೆ, ಆದರೂ ಮಳೆ ಬಂದಾಗೆಲ್ಲ ವಾಸನೆ ಏಳುತ್ತದೆ.

ನಾಯಿ ಬೇಡ ಅಂತ ಹಾಕಿಬಿಡಲಾ, ಇಲ್ಲ ದುಡ್ಡು ಜಾಸ್ತಿ ತಗೊಳ್ಳಲಾ? ಅವ್ವ ಬೇರೆ "ಹರಿದದ್ದು ನನ್ನ ಕೌದಿ, ನನಗಿಲ್ಲದ ಸಿಟ್ಟು ನಿನಗ್ಯಾಕೆ" ಅಂತಾಳೆ.

ಬ್ಯಾಡಗಿ_ಖಾರ
ಸುಮ್ನೆ ಬೇಡ ಅನ್ರಿ. ಹಾವೇರಿ ಹತ್ತಿರ ನಮ್ಮದೂ ಒಂದು ತೋಟದ ಮನೆ ಇದೆ. ಕೂದಲು ಗುಡಿಸಬಹುದು, ಉಣ್ಣಿ ಬಿಟ್ಟು ಹೋದರೆ ಏನು ಮಾಡ್ತೀರಿ? ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ, ಅದೂ ಗೋಡೆ ಬಿರುಕಿನಲ್ಲಿ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ನಿಮ್ಮದು ಹಳೇ ಮಣ್ಣಿನ ಗೋಡೆ ಇದ್ದರೆ ಮುಗೀತು ಕಥೆ. ನಮ್ಮಲ್ಲಿ ಎರಡು ವಾರ ಬುಕಿಂಗ್ ಬಂದ್ ಮಾಡಿ ಔಷಧ ಹೊಡೆಸಿದೆವು, ಆ ನಾಯಿಯವರು ಫೋನ್ ಎತ್ತಲೇ ಇಲ್ಲ.

ಗದಗ_ಗಾಳಿ
ನಾನು ನಾಯಿ ಸಾಕಿದವನು, ಅದಕ್ಕೆ ಹೇಳ್ತೀನಿ: ಇಲ್ಲಿ ತಪ್ಪು ನಾಯಿದಲ್ಲ. ಗೊತ್ತಿಲ್ಲದ ಮನೆ, ಗೊತ್ತಿಲ್ಲದ ವಾಸನೆ, ಹಂಚಿನ ಮೇಲೆ ದಬದಬ ಮಳೆ, ಯಜಮಾನ ಬೇರೆ ಇಲ್ಲ. ಬಾಗಿಲು ಕೆರೆಯದೆ ಇನ್ನೇನು ಮಾಡುತ್ತದೆ? "ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ" ಅಂತ ಮೊದಲೇ ಬರೆದು ಹಾಕಿ. ಇದೊಂದೇ ಮಾತಿಗೆ ಅರ್ಧ ಜನ ತಾವೇ ಬೇರೆ ಕಡೆ ನೋಡ್ತಾರೆ, ಉಳಿದವರು ಒಳ್ಳೇ ಗಿರಾಕಿಗಳು. ಬುಕ್ ಮಾಡುವ ಮುಂಚೆ ನಾಯಿ ಫೋಟೊ, ರೇಬಿಸ್ ಲಸಿಕೆ ಕಾರ್ಡ್ ಕೇಳಿ. ಉಣ್ಣಿಗೆ ಔಷಧ ಹಾಕಿದ್ದಾರಾ ಅಂತಲೂ ಕೇಳಿ, ನಾಚಿಕೆ ಬೇಡ.

ಏರ್‌ಬಿಎನ್‌ಬಿಯಲ್ಲಿ ಸಾಕುಪ್ರಾಣಿಗೆ ಬೇರೆ ಶುಲ್ಕ ಹಾಕಲು ಜಾಗ ಇದೆ, ಅಲ್ಲೇ ಹಾಕಿ, ಕೈಗೆ ಕೈ ದುಡ್ಡು ಬೇಡ. ಕಣ್ಣು ಕಾಣದವರ ಜೊತೆ ಬರುವ ತರಬೇತಿ ನಾಯಿಗೆ ಮಾತ್ರ ಈ ಶುಲ್ಕ ತಗೊಳ್ಳುವಂತಿಲ್ಲ. ಹಾಳಾದದ್ದಕ್ಕೆ ಪರಿಹಾರ ಕೇಳಬೇಕಿದ್ದರೆ ಅವರು ಹೋದ 14 ದಿನದೊಳಗೆ ಫೋಟೊ ಸಮೇತ ಹಾಕಬೇಕು. ನಿಮ್ಮದು ದಾಟಿಹೋಯಿತು, ಅಲ್ವಾ?

ವಾಸನೆಗೆ ಬಿಳಿ ವಿನೆಗರ್, ಅರ್ಧಕ್ಕರ್ಧ ನೀರು ಬೆರೆಸಿ ಒರೆಸಿ.

ಫರ್ಸಿ_ಹುಬ್ಬಳ್ಳಿ
ವಿನೆಗರ್ ಮುಟ್ಟಲೇಬೇಡ್ರಿ ಅಕ್ಕಾರ! ಶಹಾಬಾದ್ ಅಂದ್ರೆ ಸುಣ್ಣದ ಕಲ್ಲು. ವಿನೆಗರ್, ನಿಂಬೆಹುಳಿ, ಬಚ್ಚಲಿನ ಆಸಿಡ್ ಯಾವುದು ಬಿದ್ದರೂ ಕಲ್ಲನ್ನೇ ತಿನ್ನುತ್ತದೆ. ನಂಬಿಕೆ ಇಲ್ಲದಿದ್ದರೆ ಕಪಾಟಿನ ಕೆಳಗೆ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ, ಸಣ್ಣಗೆ ಗುಳ್ಳೆ ಏಳುತ್ತವೆ, ಆಮೇಲೆ ಬಿಳಿ ಕಲೆ ಕೂರುತ್ತದೆ. ಅದು ಪಾಲಿಶ್ ಮಾಡಿಸದೆ ಹೋಗಲ್ಲ.

ಫಿನೈಲ್ ಬರೀ ವಾಸನೆ ಮೇಲೆ ವಾಸನೆ ಹೊದಿಸುತ್ತದೆ. ಉಚ್ಚೆಯಲ್ಲಿರುವ ಯೂರಿಕ್ ಆಸಿಡ್ ನೀರಿನಲ್ಲಿ ಸರಿಯಾಗಿ ಕರಗಲ್ಲ, ಹರಳಾಗಿ ಸಂದಿಯಲ್ಲೇ ಇರುತ್ತದೆ. ಗಾಳಿ ತೇವ ಆದಾಗ ಮತ್ತೆ ನಾರುತ್ತದೆ. ನಿಮಗೆ ಮಳೆ ದಿನ ಬರ್ತಿರೋದು ಅದೇ. ನಾಯಿ ಉಚ್ಚೆಗೆ ಅಂತಲೇ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ. ಸಂದಿ ತುಂಬ ಸುರಿದು, ಬಾಟಲಿ ಮೇಲೆ ಬರೆದಷ್ಟು ಹೊತ್ತು ಬಿಡಿ, ತಕ್ಷಣ ಒರೆಸಬೇಡಿ. ಮೊದಲು ಫಿನೈಲನ್ನು ನೀರಿನಿಂದ ಚೆನ್ನಾಗಿ ತೊಳೆದಿರಬೇಕು, ಇಲ್ಲದಿದ್ದರೆ ಎಂಜೈಮ್ ಕೆಲಸ ಮಾಡದೆ ಹೋಗಬಹುದು. ಅಂದಹಾಗೆ ಬೆಕ್ಕು ತರುವವರಿದ್ದರೆ ಫಿನೈಲ್ ಪೂರ್ತಿ ಬಿಟ್ಟುಬಿಡಿ, ಬೆಕ್ಕಿಗೆ ಅದು ವಿಷ.

ಗದಗ_ಗಾಳಿ
ತಪ್ಪಾಯ್ತು, ನಮ್ಮದು ಟೈಲ್ಸ್ ಮನೆ. ಕಲ್ಲಿನ ವಿಷಯ ತಲೆಗೇ ಬರಲಿಲ್ಲ.

ಹಂಚಿನಮನೆ_ಧಾರವಾಡ
ಎಲ್ಲರಿಗೂ ಥ್ಯಾಂಕ್ಸ್. ವಿನೆಗರ್ ಬಾಟಲಿ ತಂದಾಗಿತ್ತು, ಅಡುಗೆಮನೆಗೆ ಹೋಯಿತು. ಹಿತ್ತಲ ಕಡೆಯ ಖೋಲಿಗೆ ಮಾತ್ರ ನಾಯಿ, ಒಂದು ಸಲಕ್ಕೆ ಒಂದೇ, ಒಂಟಿಯಾಗಿ ಬಿಡುವಂತಿಲ್ಲ ಅಂತ ಬರೆದಿದ್ದೇನೆ. ಕೌದಿ ತೆಗೆದು ಹಳೇ ಚಾದರ ಹಾಸಿದ್ದೇನೆ. ಇನ್ನೊಂದು ಖೋಲಿಗೆ ಪ್ರಾಣಿ ಇಲ್ಲ, ಬ್ಯಾಡಗಿಯವರ ಮಾತೂ ನಡೆದಂಗಾಯ್ತು.

ಈ ಭಾನುವಾರ ಒಬ್ಬರು ಮುಧೋಳ ನಾಯಿ ತರ್ತಾರಂತೆ. ಹಿತ್ತಲ ಗೋಡೆ 4 ಅಡಿ ಇದೆ, ಸಾಕಾಗುತ್ತದಾ?

ಗದಗ_ಗಾಳಿ
ಮುಧೋಳಕ್ಕೆ 4 ಅಡಿನಾ? ಬೇಟೆ ನಾಯಿ ಅದು, ಹಾರಿಬಿಡುತ್ತದೆ. ಬೆಲ್ಟ್ ಬಿಚ್ಚಬೇಡಿ ಅಂತ ಅದನ್ನೂ ಬರೀರಿ. ಪಕ್ಕದ ಮನೆಯಲ್ಲಿ ಕೋಳಿ ಇದ್ದರೆ ಈಗಲೇ ಹೋಗಿ ಹೇಳಿಬನ್ನಿ.