ಸಹಾಯ ಬೇಕು: ಈ ಕ್ಯಾಚರ್ ಹುಡುಗನನ್ನು ಇಟ್ಟುಕೊಳ್ಳಲಾ, ಬಿಡಲಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ. ಆಫೀಸಿನವರ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ (ನಿಜವಾದ ಆಟಗಾರರನ್ನು ಆರಿಸಿಕೊಂಡು, ಅವರ ಆಟದ ಮೇಲೆ ಅಂಕ ಪಡೆಯುವ ಸ್ಪರ್ಧೆ) ಸುಮ್ನೆ ಸೇರಿಕೊಂಡೆ, ಈಗ ಸಿಕ್ಕಿಬಿದ್ದಿದ್ದೇನೆ. ನನ್ನ ಪಟ್ಟಿಯಲ್ಲಿ ಡಬಲ್-ಎ ಮಟ್ಟದ (ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗೆ) ಒಬ್ಬ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ಇದ್ದಾನೆ. ಭಾನುವಾರದೊಳಗೆ ತೀರ್ಮಾನಿಸಬೇಕು.

ಅವನ ತಂಡ ರಿಚ್ಮಂಡ್‌ಗೆ ಬಂದಾಗ ಸ್ಟಾಪ್‌ವಾಚ್ ಹಿಡಿದುಕೊಂಡು ಹೋಗಿದ್ದೆ (ಹೆಂಡತಿ ಇನ್ನೂ ನಗುತ್ತಿದ್ದಾಳೆ). ಬೇಸ್ ಕದಿಯಲು ಓಡುವವನನ್ನು ಔಟ್ ಮಾಡಲು ಕ್ಯಾಚರ್ ಎಸೆಯುವಾಗ, ಚೆಂಡು ಅವನ ಗ್ಲೌಸಿಗೆ ಬಿದ್ದ ಕ್ಷಣದಿಂದ ಸೆಕೆಂಡ್ ಬೇಸ್ ತಲುಪುವವರೆಗಿನ ಸಮಯಕ್ಕೆ ಪಾಪ್ ಟೈಮ್ ಅಂತಾರೆ. ಮೇಜರ್ ಲೀಗ್‌ನಲ್ಲಿ ಸರಾಸರಿ 2 ಸೆಕೆಂಡ್ ಆಸುಪಾಸು. ಇವನದೂ ಅಷ್ಟೇ ಬಂತು. ಆದರೆ ಬ್ಯಾಟಿಂಗ್ ಸಪ್ಪೆ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗುವುದು) ಜಾಸ್ತಿ. ಆಟಗಾರರ ಕೌಶಲಕ್ಕೆ ಪರಿಣತರು ಕೊಡುವ 20ರಿಂದ 80ರವರೆಗಿನ ಸ್ಕೌಟಿಂಗ್ ಅಂಕಗಳನ್ನೂ ಓದಿದೆ. ಒಬ್ಬೊಬ್ಬರದು ಒಂದೊಂದು ಮಾತು.

ನಮ್ಮ ಲೀಗಲ್ಲಿ ಅಂಕ ಬ್ಯಾಟಿಂಗಿಗೆ ಮಾತ್ರ. ಆದರೂ ಕ್ಯಾಚಿಂಗ್ ಚೆನ್ನಾಗಿದ್ದರೆ ತಾನೇ ತಂಡದಲ್ಲಿ ಜಾಗ ಸಿಗೋದು? ಇವನ ದೊಡ್ಡ ಬಲ ಫ್ರೇಮಿಂಗ್, ಅಂದರೆ ಅಂಚಿನ ಚೆಂಡನ್ನು ಅಂಪೈರ್ ಸ್ಟ್ರೈಕ್ ಅನ್ನುವ ಹಾಗೆ ಹಿಡಿಯುವುದು. ನನ್ನ ತಲೆ ಕೆಡುವುದು ಇಲ್ಲೇ. 2026ರಿಂದ ಮೇಜರ್ ಲೀಗ್‌ನಲ್ಲಿ ಎಬಿಎಸ್ ಚಾಲೆಂಜ್ ಇದೆ, ಅಂದರೆ ಅಂಪೈರ್‌ನ ಬಾಲ್-ಸ್ಟ್ರೈಕ್ ತೀರ್ಪನ್ನು ಪ್ರಶ್ನಿಸಿ ಯಂತ್ರದಿಂದ ಪರೀಕ್ಷಿಸಬಹುದು. ತಂಡಕ್ಕೆ 2 ಚಾಲೆಂಜ್, ಗೆದ್ದರೆ ಅದು ಉಳಿಯುತ್ತದೆ. ಅಂದಮೇಲೆ ಈ ಕೈಚಳಕಕ್ಕೆ ಬೆಲೆ ಉಳಿಯಿತಾ?

ಕ್ಯಾಚರ್‌ಗಳ ಬ್ಯಾಟಿಂಗ್ ತಡವಾಗಿ ಕುದುರುತ್ತದೆ ಅಂತ ಗೆಳೆಯ ಹೇಳ್ತಾನೆ. 2021ರಲ್ಲಿ ಮೇಜರ್ ಲೀಗಿಗೆ ಬಂದು .180 ಸರಾಸರಿಯಲ್ಲಿ ಒದ್ದಾಡಿದ ಸಿಯಾಟಲ್ ತಂಡದ ಕ್ಯಾಚರ್ ಕಾಲ್ ರಾಲಿ 2025ರಲ್ಲಿ 60 ಹೋಮ್‌ರನ್ ಹೊಡೆದ. ಆದರೆ ಅವನು ಟ್ರಿಪಲ್-ಎನಲ್ಲಿ (ಮೇಜರ್ ಲೀಗಿಗಿಂತ ಒಂದು ಮೆಟ್ಟಿಲು ಕೆಳಗೆ) ಚೆನ್ನಾಗಿಯೇ ಹೊಡೆದಿದ್ದ, ಅಲ್ವಾ?

ಬೇಸ್‌ಬಾಲ್ ಬಲ್ಲವರು ಹೇಳಿ: ಡಬಲ್-ಎ ಕ್ಯಾಚರ್‌ನಲ್ಲಿ ಮೊದಲು ನೋಡಬೇಕಾದದ್ದು ಫ್ರೇಮಿಂಗಾ, ಸ್ಟ್ರೈಕ್‌ಔಟ್ ಪ್ರಮಾಣವಾ? ಇವನಿಗೆ ಇನ್ನೊಂದು ವರ್ಷ ಕಾಯಬಹುದಾ?