ಮುಕ್ತ ತಂತ್ರಾಂಶದ ಜಾಲತಾಣಕ್ಕೆ ಮರುವಿನ್ಯಾಸ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಾವು ಕೆಲವರು ಬಿಡುವಿನ ವೇಳೆಯಲ್ಲಿ ನಡೆಸುತ್ತಿರುವ ಕನ್ನಡ ಮುಕ್ತ ತಂತ್ರಾಂಶದ ಜಾಲತಾಣವು ವರ್ಡ್‌ಪ್ರೆಸ್ ಎಂಬ ಜಾಲತಾಣ ನಿರ್ವಹಣಾ ತಂತ್ರಾಂಶದಲ್ಲಿದ್ದು, ಮಳೆಗಾಲದಲ್ಲಿ ಮೊಬೈಲ್ ಸಿಗ್ನಲ್ ಕುಂದಿದಾಗ ಆಗುಂಬೆ ಕಡೆಯ ಬಳಕೆದಾರರಿಗೆ ಪುಟವೇ ತೆರೆಯುವುದಿಲ್ಲ. ಮರುವಿನ್ಯಾಸವನ್ನು ಎಲ್ಲಿಂದ ಆರಂಭಿಸುವುದು ಸೂಕ್ತ?

ಉತ್ತರ (ಸಾಗರದಿಂದ): ಜಾಲತಾಣ ಕಟ್ಟುವ ಹ್ಯೂಗೊದಂತಹ ಸಾಧನವು ಪುಟಗಳನ್ನು ಮೊದಲೇ ಬ್ರೌಸರ್ ನೇರವಾಗಿ ತೋರಿಸಬಲ್ಲ ಎಚ್‌ಟಿಎಂಎಲ್ ಕಡತಗಳಾಗಿ ಸಿದ್ಧಪಡಿಸಿಡುವುದರಿಂದ ವರ್ಡ್‌ಪ್ರೆಸ್‌ಗೆ ಬೇಕಾಗುವಂತೆ ಡೇಟಾಬೇಸ್ ಆಗಲಿ, ಪ್ಲಗಿನ್‌ಗಳ ನಿರಂತರ ಅಪ್‌ಡೇಟ್ ಆಗಲಿ ಬೇಕಾಗುವುದಿಲ್ಲ, ಸ್ವಯಂಸೇವಕರ ತಂಡಕ್ಕೆ ಇದೇ ದೊಡ್ಡ ಅನುಕೂಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ (ಶಿವಮೊಗ್ಗದಿಂದ): ಫಾಂಟ್‌ನ ಭಾರವನ್ನೂ ದಯವಿಟ್ಟು ಗಮನಿಸಿ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ವಾಫ್ 2 (ಜಾಲಪುಟಗಳಿಗಾಗಿ ಸಂಕುಚಿಸಿದ ಫಾಂಟ್ ಕಡತ) ರೂಪದಲ್ಲಿ ಒದಗಿಸಬಹುದು. ಆದರೆ ಗಾತ್ರ ಇಳಿಸಲೆಂದು ಅದರಿಂದ ಅಕ್ಷರಗಳನ್ನು ಕಳೆಯುವಾಗ ಅಕ್ಷರಗಳು ಕೂಡಿದಾಗ ಯಾವ ರೂಪ ಬಳಸಬೇಕೆಂದು ಹೇಳುವ ಜಿಸಬ್ (GSUB) ಕೋಷ್ಟಕವನ್ನು ಉಳಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಸರಿಯಾಗಿ ಕೂಡುವುದಿಲ್ಲ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಡೌನ್‌ಲೋಡ್ ಪುಟವನ್ನು ಮೊದಲು ಹ್ಯೂಗೊಗೆ ತಂದು, ಹಳೆಯ ಕೊಂಡಿಗಳು ಮುರಿಯದಂತೆ ಹೊಸ ವಿಳಾಸಗಳಿಗೆ ತಿರುಗಿಸುತ್ತೇವೆ.